ಪಾಡ್ಯದ ದಿನ ಹೂಡದ ಗಾಡಿ

ಆ ವರ್ಷ ದೀಪಾವಳಿ ಪಾಡ್ಯಕ್ಕೆ ಬೈಲಹೊಂಗಲದಿಂದ ನನ್ನ ತವರು ದೊಡವಾಡಕ್ಕೆ ಗಾಡಿ ಹೂಡಿಕೊಂಡು ಹೋಗಿದ್ದೆವು. ನಮ್ಮ ಕಡೆ ಇನ್ನೂ ಮೋಟಾರು ಬಂದಿರಲಿಲ್ಲ. ಮಗಳಿಗೆ ಎರಡು ವರ್ಷ. ಊಟವಾದ ಮೇಲೆ ನನ್ನ ಯಜಮಾನರು ಅಣ್ಣನ ಜೊತೆ ಹೊಲದ ಕಡೆ ಹೋದರು. ಮರಳಿ ಬಂದಾಗ ಇಬ್ಬರ ಬಾಯಿಂದಲೂ ಸಿಂದಿಯ ಹುಳಿ ವಾಸನೆ ಬರುತ್ತಿತ್ತು.

"ಗಾಡಿ ಹೂಡತೇನಿ, ತಯಾರಾಗು," ಅಂದರು ಯಜಮಾನರು.

ಹಿಂದಿನ ವರ್ಷ ಹೋಳಿಗೂ ಹೀಗೆಯೇ ಹೊರಟಿದ್ದೆವು. ಹಳ್ಳದ ಇಳಿಜಾರಿನಲ್ಲಿ ಅವರು ಎತ್ತುಗಳನ್ನು ಬೆದರಿಸಿ ಓಡಿಸಿದರು, ಗಾಡಿ ಮಗುಚಿತು. ಮಗು ನನ್ನ ಮೈಮೇಲೆ ಬಿದ್ದು ಉಳಿಯಿತು. ನನ್ನ ಬಲಗೈಯ ಮಣಿಕಟ್ಟು ಮುರಿಯಿತು. ರೊಟ್ಟಿ ಬಡಿಯುವಾಗ ಇಂದಿಗೂ ನೋಯುತ್ತದೆ. ಅವತ್ತು ಅವರು ಅತ್ತು, ಇನ್ನು ಕುಡಿಯುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ್ದರು.

ನನಗೆ ಜಗಳ ಮಾಡುವಷ್ಟು ತ್ರಾಣ ಇರಲಿಲ್ಲ. ಎತ್ತು ಬಿಚ್ಚಿದ ಗಾಡಿಯ ನೊಗ ಅಂಗಳದ ನೆಲಕ್ಕೆ ತಾಗಿಕೊಂಡಿತ್ತು. ಮಗಳನ್ನು ಎತ್ತಿಕೊಂಡು ಹೋಗಿ ಅದರ ಮೇಲೆ ಕುಳಿತುಬಿಟ್ಟೆ.

"ಏಳು," ಅಂದರು.

"ಏಳೂದಿಲ್ರಿ. ನಾಳೆ ಮುಂಜಾನೆ ಹೋಗೂಣು."

"ಮಂದಿ ನೋಡಾಕತ್ತಾರ. ನನ್ನ ಮರ್ಯಾದಿ ಕಳೀಬ್ಯಾಡ."

"ನೋಡ್ಲಿ ಬಿಡ್ರಿ. ನನ್ನ ಕೈ ಮುರದಾಗೂ ನೋಡಿದ್ರು."

ಅಪ್ಪ ಹೊರಗೆ ಬಂದ. "ಯವ್ವಾ, ಹಬ್ಬದ ದಿನ ಅಳಿಯನ ಮಾತಿಗೆ ಅಡ್ಡ ಬರಬಾರದು, ಏಳವ್ವಾ," ಅಂದ. ನಾನು ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅಪ್ಪನ ಹಿಂದೆಯೇ ಅವ್ವ ಬಂದಳು. ಅಪ್ಪನಿಗೆ ಎಂದೂ ಎದುರು ಮಾತಾಡಿದವಳಲ್ಲ ಅವಳು. ತಂಬಿಗೆ ನೀರು ನನ್ನ ಕೈಗಿತ್ತು, ಸೆರಗು ಸರಿಮಾಡಿಕೊಂಡು ನೊಗದ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಅಪ್ಪ ಒಳಗೆ ಹೋದ.

ಯಜಮಾನರು ಬಾರುಕೋಲು ಹಿಡಿದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದರು. ಎತ್ತುಗಳನ್ನು ತರಲು ಹೊರಟವರು ಮೇವಿನ ಗೋದಲಿಗೆ ಎಡವಿ ಕುಸಿದು ಕುಳಿತರು. ಆಮೇಲೆ ಗಾಡಿಯ ನೆರಳಿನಲ್ಲಿ ಮಲಗಿ ನಿದ್ದೆ ಹೋದರು. ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಅವ್ವ, ನಾನು ಇಬ್ಬರೂ ಹೊತ್ತು ಇಳಿಯುವವರೆಗೆ ಹಾಗೆಯೇ ಕುಳಿತಿದ್ದೆವು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಬೆನ್ನು ನೋಯುತ್ತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಹೊರಟೆವು. ಹಳ್ಳ ಬಂದಾಗ ಅವರು ಕೆಳಗಿಳಿದು ಎತ್ತುಗಳ ಹಗ್ಗ ಹಿಡಿದು ನಡೆಸಿಕೊಂಡು ದಾಟಿಸಿದರು.

ಕುಡಿಯುವುದನ್ನು ಅವರು ಬಿಡಲಿಲ್ಲ. ಆದರೆ ಮುಂದಿನ ಹಬ್ಬಗಳಲ್ಲಿ ತವರಿಗೆ ಹೊರಡುವಾಗಲೇ, "ಮರುದಿನ ಬರತೇವಿ," ಎಂದು ಅತ್ತೆಗೆ ಹೇಳಿಬಿಡುತ್ತಿದ್ದರು. ಯಾಕೆಂದು ಅತ್ತೆ ಕೇಳಿದರೆ ಎತ್ತು ದಣಿಯುತ್ತವೆ ಎನ್ನುತ್ತಿದ್ದರು. ನಾನು ಸುಮ್ಮನೆ ಬುತ್ತಿ ಕಟ್ಟುತ್ತಿದ್ದೆ.