ವಿಮಾನದೊಳಗೆ ಆಡಬಾರದ ಮಾತು

ಉಪ್ಪಿನಕಾಯಿ ಸೀಸೆಯಿಂದ ಪೆಟ್ರೋಲಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಸರ್ ನೆನಪಾಗುತ್ತಾರೆ. ಈ ಬೆಳಿಗ್ಗೆ ಮುಚ್ಚಳ ತಿರುವಿದಾಗಲೂ ಹಾಗೇ ಆಯಿತು. ಮೊದಲು ವಿಮಾನದ ಪೆಟ್ರೋಲು, ಅದರ ಹಿಂದೆ ಎಲ್ಲೋ ಹಳೆಯ ಮಾವಿನಕಾಯಿಯ ಹುಳಿ... ಎಷ್ಟು ತೊಳೆದರೂ ಆ ಮುಚ್ಚಳದಿಂದ ಅದು ಹೋಗಿಲ್ಲ.

ಸರ್ ನನಗೆ ವಿಮಾನ ಹಾರಿಸಲು ಕಲಿಸಿದವರು. ತಮಿಳುನಾಡಿನ ಹೊಸೂರಿನ ಹತ್ತಿರದ ಒಂದು ಸಣ್ಣ ರನ್‌ವೇ, ಇಬ್ಬರು ಕೂರುವ ವಿಮಾನ. ಅವರು ಹುಟ್ಟಿದ್ದು ಗುಮ್ಮಳಾಪುರದ ಬೇಸಾಯಗಾರರ ಮನೆಯಲ್ಲಿ. ಸೇನೆಯಲ್ಲಿ ಹಾರಿ, ನಿವೃತ್ತರಾಗಿ ಮತ್ತೆ ಈ ಕಡೆಗೇ ಬಂದಿದ್ದರು. ನಾನು ಅವಲಪಲ್ಲಿಯ ಹುಡುಗಿ, ಅಪ್ಪ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಸರ್ ಮೆಕ್ಯಾನಿಕ್ ಜೊತೆ ತಮಿಳು, ಗೇಟಿನವನ ಜೊತೆ ತೆಲುಗು, ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ನನಗೆ ಪಾಠವೂ ಬೈಗುಳವೂ ಇಂಗ್ಲಿಷಿನಲ್ಲಿ, ಸಮಾಧಾನ ಮಾತ್ರ ಕನ್ನಡದಲ್ಲಿ. ತೊಂದರೆ ಬಂದದ್ದು ಆ ಸಮಾಧಾನದಿಂದ.

ಹಾರುವ ಮೊದಲು ಎರಡೂ ರೆಕ್ಕೆಗಳ ಅಡಿಯಿಂದ ಸ್ವಲ್ಪ ಪೆಟ್ರೋಲ್ ಇಳಿಸಿಕೊಂಡು ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಅದನ್ನು ನೋಡದೆ ಹೊರಟರೆ ಮೇಲೆ ಹೋದಮೇಲೆ ಎಂಜಿನ್ ನಿಲ್ಲಬಹುದು. ಇದಕ್ಕೆಂದೇ ಪ್ಲಾಸ್ಟಿಕ್ ಲೋಟ ಕೊಟ್ಟಿದ್ದರು. ಅದು ಮಸುಕು ಅಂತ ಸರ್ ಮನೆಯಿಂದ ಗಾಜಿನ ಉಪ್ಪಿನಕಾಯಿ ಸೀಸೆ ತಂದಿದ್ದರು. "ಸಾರ್, ಊರುಗಾ ಎಂಗೆ?" ಎಂದು ಮೆಕ್ಯಾನಿಕ್ ದಿನಾ ಉಪ್ಪಿನಕಾಯಿ ಕೇಳಿ ರೇಗಿಸುತ್ತಿದ್ದ. ಸರ್ ತಿಳಿನೀಲಿ ಪೆಟ್ರೋಲನ್ನು ಸೂರ್ಯನ ಕಡೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆ ನಿಧಾನ ನೋಡಿ ನನಗೆ ಆಗ ಸಿಟ್ಟು ಬರುತ್ತಿತ್ತು.

ಇನ್ನೊಂದು ಕಟ್ಟುನಿಟ್ಟು ಅವರದು. ವಿಮಾನ ಯಾರ ಕೈಯಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. "ಯು ಹ್ಯಾವ್ ಕಂಟ್ರೋಲ್" ಎಂದು ಒಬ್ಬರು, "ಐ ಹ್ಯಾವ್ ಕಂಟ್ರೋಲ್" ಎಂದು ಇನ್ನೊಬ್ಬರು. ಹೇಳದೆ ಕೊಡುವಂತಿಲ್ಲ, ಹೇಳದೆ ತೆಗೆದುಕೊಳ್ಳುವಂತಿಲ್ಲ.

ಮುಂದಿನ ವಾರ ನಾನು ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಮನೆಯಲ್ಲಿ ಅಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದರು. ಅದಕ್ಕೆ ಮೊದಲಿನ ಒಂದು ಪಾಠದಲ್ಲಿ ಇಳಿಯುತ್ತಿದ್ದಾಗ ಪಕ್ಕದಿಂದ ಗಾಳಿ ತಳ್ಳಿತು, ರನ್‌ವೇಯ ನಡುಗೆರೆ ತಪ್ಪಿತು. "ಸಾರಿ ಸರ್" ಎಂದೆ. ಅವರು ಎಂದಿನ ಹಾಗೆ, "ಹೋಗ್ಲಿ ಬಿಡು" ಎಂದರು. ಎಂಜಿನ್ ಸದ್ದಿನಲ್ಲಿ 'ಹೋಗ್ಲಿ' ನುಂಗಿಹೋಯಿತು. ನನಗೆ ಕೇಳಿಸಿದ್ದು 'ಬಿಡು' ಮಾತ್ರ.

ನಾನು ಬಿಟ್ಟೆ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಸದ್ಯ ಸರ್ ತೆಗೆದುಕೊಂಡರು ಎಂದು ಉಸಿರುಬಿಟ್ಟೆ. ಅವರೋ, ಇವಳೇ ಹಾರಿಸುತ್ತಿದ್ದಾಳೆ ಎಂದುಕೊಂಡು ಹೊರಗೆ ನೋಡುತ್ತಿದ್ದರು. ಎರಡೋ ಮೂರೋ ಸೆಕೆಂಡು ಆ ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಎಡ ರೆಕ್ಕೆ ಬಾಗಿತು. ಅವರು ತಿರುಗಿ ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಕೈಗಳನ್ನು... "ಐ ಹ್ಯಾವ್ ಕಂಟ್ರೋಲ್" ಎಂದು ಹಿಡಿದು, ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲೆತ್ತಿದರು. ಒಂದು ಸುತ್ತು ಹಾಕಿ ಅವರೇ ಇಳಿಸಿದರು.

ಎಂಜಿನ್ ನಿಂತ ಮೇಲೆ ಇಬ್ಬರೂ ಒಳಗೇ ಕೂತಿದ್ದೆವು. ಒಬ್ಬಳೇ ಹಾರುವುದು ತಪ್ಪಿಹೋಗುತ್ತದೆ ಎಂಬ ಭಯ ನನಗೆ.

"ಸರ್, ಯಾರೂ ನೋಡಿಲ್ಲ" ಎಂದೆ.

"ನೀನ್ ನೋಡ್ದೆ, ನಾನ್ ನೋಡ್ದೆ. ಸಾಲ್ದಾ?" ಎಂದರು. ಬೆಲ್ಟ್ ಬಿಚ್ಚುತ್ತಾ, "ನಾನೂ ನೀನೂ ಒಂದೇ ಭಾಷೆಯೋರು, ಅದ್ಕೇ ಹಿಂಗಾಯ್ತು. ಇದನ್ನ ವರದೀಲಿ ಬರೀದಿದ್ರೆ ನಾಳೆ ಇನ್ನೊಬ್ರಿಗೆ ಇದೇ ಆಯ್ತದೆ ಕಣಮ್ಮ" ಎಂದು ಇಳಿದು ಆಫೀಸಿಗೆ ನಡೆದರು.

ನನ್ನ ಹೆಸರಿನ ಮುಂದೆ ತಪ್ಪು ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಬರೆದದ್ದು, ಕಲಿಸುವವನು ನಿಯಮದ ಮಾತು ಬಿಟ್ಟು ಮನೆಮಾತು ಆಡಿದ, ವಿದ್ಯಾರ್ಥಿನಿಯದು ತಪ್ಪಿಲ್ಲ ಎಂದು. ವಿಚಾರಣೆ ಮುಗಿಯುವವರೆಗೆ ಅವರು ಪಾಠ ಹೇಳುವಂತಿರಲಿಲ್ಲ. ನಿಯಮದಂತೆ ಮತ್ತೆ ವೈದ್ಯರ ಪರೀಕ್ಷೆಯೂ ಆಯಿತು. ಕಿವಿ ಮಂದವಾಗಿದೆ ಎಂದು ಬಂತು. ಅವರು ಮತ್ತೆ ಯಾರಿಗೂ ಕಲಿಸಲಿಲ್ಲ. ನಾನೇ ಕೊನೆಯವಳು.

ತಿಂಗಳು ಕಳೆದು ಬೇರೊಬ್ಬರು ನನ್ನನ್ನು ಒಬ್ಬಳೇ ಕಳಿಸಿದರು. ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ಎಂಜಿನ್ ಶುರು ಮಾಡುವ ಮೊದಲು ನೋಡಿದರೆ ಪೆಟ್ರೋಲ್ ಶೆಡ್ಡಿನ ಬಳಿ ಸರ್. ಯಾರು ಕರೆದರೋ ಗೊತ್ತಿಲ್ಲ. ಆ ದಿನದ ಪೆಟ್ರೋಲನ್ನು ತಾವೇ ಇನ್ನೊಮ್ಮೆ ಇಳಿಸಿಕೊಂಡಿದ್ದರು. ಸೀಸೆಯನ್ನು ಸೂರ್ಯನಿಗೆ ಹಿಡಿದು ನೋಡಿ, ನನಗೂ ಕಾಣುವ ಹಾಗೆ ಎತ್ತಿ ತೋರಿಸಿದರು. ತಿಳಿಯಾಗಿತ್ತು. ಬೇರೆ ಆಶೀರ್ವಾದ ಏನೂ ಮಾಡಲಿಲ್ಲ.

ಆಮೇಲೆ ಅವರು ಗುಮ್ಮಳಾಪುರಕ್ಕೆ, ತಮ್ಮನ ಮನೆಗೆ ಹೋದರು. ನಾನೂ ಕಲಿಸುವವಳಾದ ಮೇಲೆ ಒಂದು ಸಲ ಹೋಗಿದ್ದೆ. ನನ್ನಿಂದ ನಿಮ್ಮ ಕೆಲಸ ಹೋಯಿತು ಎಂದು ಅಷ್ಟು ವರ್ಷಗಳ ಮೇಲೆ ಹೇಳಿಕೊಂಡೆ, ಕಿವಿಯ ಹತ್ತಿರ ಬಾಗಿ ಎರಡು ಸಲ. "ಹೋಗ್ಲಿ ಬಿಡಮ್ಮ" ಎಂದರು. ಎಂದವರೇ ತಟ್ಟನೆ ನನ್ನ ಕೈಗಳ ಕಡೆ ನೋಡಿದರು. ಕೈಯಲ್ಲಿ ಕಾಫಿ ಲೋಟ ಇತ್ತು. ಇಬ್ಬರೂ ನಕ್ಕೆವು.

ಹೋದ ತಿಂಗಳು ಸರ್ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಮ್ಮ ಒಳಗಿನಿಂದ ಈ ಸೀಸೆ ತಂದುಕೊಟ್ಟು, "ನಿಮ್ಗೇ ಕೊಡು ಅಂದಿದ್ರು. ಅಳ್ಬೇಡಿ, ವಯಸ್ಸಾಗಿತ್ತು, ಹೋಗ್ಲಿ ಬಿಡಿ" ಎಂದರು. ನಾನು ಸೀಸೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ಈ ಬೆಳಿಗ್ಗೆ ನನ್ನ ಜೊತೆ ಹಾರಿದ್ದು ತಳಿ ಊರಿನ ಕಡೆಯ ಕನ್ನಡದ ಹುಡುಗಿ. ಇಳಿಯುವಾಗ ಅವಳೂ ನಡುಗೆರೆ ತಪ್ಪಿ "ಸಾರಿ ಮೇಡಂ" ಎಂದಳು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ನುಂಗಿ, ಅವಳ ಕೈ ನೋಡಿ, "ಹಿಡ್ಕೊಂಡಿರು" ಎಂದೆ. ಎಂಜಿನ್ ಸದ್ದಿನಲ್ಲೂ ಅವಳಿಗೆ ಸರಿಯಾಗಿ ಕೇಳಿಸಿತು.