ತಾತನ ಕಾರಿನ ಹೀಟರ್ ಫ್ಯಾನು

ಯಾರದಾದರೂ ಮನೆಗೆ ಮಿಕ್ಸಿ ಬಂದರೆ ಬೀದಿಯವರೆಲ್ಲ ನೋಡಲು ಹೋಗುತ್ತಿದ್ದ ದಿನಗಳವು. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನು ಚಳ್ಳಕೆರೆಯಲ್ಲಿ ಬಸ್ ಹತ್ತಿಸುತ್ತಿದ್ದಳು. ಮೊಳಕಾಲ್ಮೂರಿನಲ್ಲಿ ಅವಳ ತಮ್ಮ, ನನ್ನ ತಿಪ್ಪೇಸ್ವಾಮಿ ಮಾಮ, ಇಳಿಸಿಕೊಳ್ಳುತ್ತಿದ್ದ. ಬೀದಿಗೆ ಕಾಲಿಟ್ಟರೆ ಸಾಕು, ಮನೆಮನೆಯಿಂದ ಮಗ್ಗದ ಸದ್ದು, ಒಗ್ಗರಣೆ ಮಂಡಕ್ಕಿಯ ವಾಸನೆ.

ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಗುಂಡು ಮೂತಿಯ ಹಳೆಯ ವಿಲಾಯಿತಿ ಕಾರೊಂದಿತ್ತು. ಊಟಿ ಕಡೆಯ ಎಸ್ಟೇಟಿನವರಿಂದ ತಾತ ಅದನ್ನು ಕೊಂಡು, ವರ್ಷಗಟ್ಟಲೆ ರೇಷ್ಮೆ ಸೀರೆಯ ಗಂಟುಗಳನ್ನು ಸಾಗಿಸಿದ್ದ. ಚಳಿಯೂರಿನ ಕಾರಾದ್ದರಿಂದ ಅದಕ್ಕೆ ಹೀಟರ್ ಇತ್ತು. ನಮ್ಮ ಕಡೆಯ ಬಿಸಿಲಿಗೆ ಹೀಟರ್ ಬೇರೆ! ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ತಾತ ಕಾರು ಓಡಿಸಲಿಲ್ಲ. ಆದರೂ ಸಂಜೆ ಹೋಗಿ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದ. ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. "ತಿಪ್ಪನ ಕೈಗೆ ಕೊಟ್ರೆ ಮಾರಿ ಬರ್ತಾನೆ" ಅನ್ನುತ್ತಿದ್ದ.

ನಾನು ಆರನೇ ಕ್ಲಾಸ್ ಮುಗಿಸಿದ ಬೇಸಿಗೆಯಲ್ಲಿ ಮಾಮ ನನ್ನನ್ನು ಶೆಡ್ಡಿಗೆ ಕರೆದ.

"ಸುಮಿ, ಈ ಹೀಟರಿನಾಗೆ ಒಂದು ಫ್ಯಾನ್ ಐತೆ. ಅದು ತಿರುಗಿದ್ರೆ, ಬಿಸಿನೀರಿನ ಪೈಪ್ ಬಂದ್ ಮಾಡಿ ಬರೀ ಗಾಳಿ ಬಿಡಬಹುದು. ತಾತನ್ನ ಕೂರಿಸ್ಕೊಂಡು ಪರಶುರಾಂಪುರದ ದೊಡ್ಡವ್ವನ ಮನೆಗೆ ಹೋಗಾನ. ಮಾಡಾನೇನು?"

"ನಾನೂ ಮಾಡ್ಲಾ?"

"ನೀನೇ ಮಾಡ್ಬೇಕು. ಆ ಸಂದಿಗೆ ನನ್ ಕೈ ಹೋಗಲ್ಲ."

ಕುಂಟೆಬಿಲ್ಲೆ ಮರೆತೆ, ಗೆಳತಿಯರನ್ನು ಮರೆತೆ. ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು ಬಿಟ್ಟು ಸಡಿಲಿಸಿದೆವು. ಮೋಟರನ್ನು ಹೊರತೆಗೆದಾಗ ಕಣಜದ ಗೂಡೊಂದು ಪುಡಿಪುಡಿಯಾಗಿ ನನ್ನ ಮಡಿಲಿಗೆ ಸುರಿಯಿತು. ಒಳಗಿನ ತಾಮ್ರದ ಬಳೆ ಕಪ್ಪಗಾಗಿತ್ತು. ಉಪ್ಪುಕಾಗದದಿಂದ ನಾನು ತಿಕ್ಕುತ್ತಾ ಹೋದಂತೆ ಅದು ಹೊಸ ಬಿಂದಿಗೆಯ ಹಾಗೆ ಹೊಳೆಯಿತು. ಆ ಬಳೆಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆದುಹೋಗಿದ್ದವು. ಮಾಮ ಮಿಕ್ಸಿಯ ಕಾರ್ಬನ್ ತಂದು ಅಳತೆಗೆ ಉಜ್ಜಿ ಕೂರಿಸಿದ. ಸೊಟ್ಟಗಾಗಿದ್ದ ತಗಡಿನ ರೆಕ್ಕೆ ತೆಗೆದು ಪ್ಲಾಸ್ಟಿಕ್ಕಿನದು ಹಾಕಿದೆವು. ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆವು. ಕೈಯಿಂದ ತಿರುಗಿಸಿದರೆ ಸದ್ದೇ ಇಲ್ಲದೆ ಸುತ್ತುತ್ತಿತ್ತು.

"ಹೊಸ ಬ್ಯಾಟರಿ ಹಾಕೀನಿ, ಕಾರ್ ಶುರು ಮಾಡಿ ನೋಡ್ಬೇಕಲ್ಲ. ಕೀ ನೀನು ಕೇಳಿದ್ರೆ ತಾತ ಕೊಡ್ತಾನೆ" ಎಂದ ಮಾಮ.

ತಾತ ನನ್ನ ಎಣ್ಣೆಗೈ ನೋಡಿ ನಕ್ಕ. ಎಡಗೈಯಲ್ಲೇ ಕಷ್ಟಪಟ್ಟು ಗಂಟು ಬಿಚ್ಚಿ, ಕೀಯನ್ನು ನನ್ನ ಅಂಗೈಯೊಳಗಿಟ್ಟು ಬೆರಳು ಮಡಿಚಿದ. "ನಿನ್ ಕೈಗೆ ಕೊಡ್ತಿದೀನಿ ಪಾಪ. ನೋಡ್ಕೋ."

ಗುಂಡಿ ಒತ್ತಿದಾಗ ಮೊದಲು ಕೆಂಪು ಧೂಳು ಬಂತು, ಆಮೇಲೆ ಗಾಳಿ. ತಾತ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತ. ಅವನ ಹಣೆಯ ಮೇಲಿನ ಬಿಳಿಗೂದಲು ಹಾರುತ್ತಿತ್ತು.

ಮಾಮ ನನ್ನನ್ನು ಪಕ್ಕಕ್ಕೆ ಕರೆದ. "ಕೀ ನನ್ ಹತ್ರ ಇರ್ಲಿ. ಬೆಳಿಗ್ಗೆ ಪೆಟ್ರೋಲ್ ಹಾಕ್ಸಿ ತರ್ತೀನಿ. ನೀವು ರೆಡಿಯಾಗಿರ್ರಿ."

ಕೊಟ್ಟೆ. ಕೊಡದಿರಲು ನನಗೆ ಕಾರಣವೇ ಇರಲಿಲ್ಲ.

ಬೆಳಿಗ್ಗೆ ತಾತ ಗಡ್ಡ ಹೆರೆಸಿಕೊಂಡು, ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಬುತ್ತಿ ಹಿಡಿದು ನಾನು. ನೆರಳು ಸರಿದು ಬಿಸಿಲು ನಮ್ಮ ಕಾಲಿಗೆ ಬಂತು, ಮೊಣಕಾಲಿಗೆ ಬಂತು. ತಾತ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಮ ಬಸ್ ಸ್ಟ್ಯಾಂಡಿನ ಕಡೆಯಿಂದ ನಡೆದು ಬಂದ.

"ಕಾರೆಲ್ಲಿ ಮಾಮ?"

ಅವನು ತಾತನ ಮುಖ ನೋಡದೆ ಹೇಳಿದ: "ಹಳೇ ಕಾರು ಕೂಡಿಡೋರು ಬಳ್ಳಾರಿಯಾಗೆ ಒಬ್ರು ಅದಾರೆ. ಹೀಟರ್ ಸಮೇತ ಎಲ್ಲಾ ನಡೀತಿದ್ರೇ ತಗಂತೀನಿ ಅಂದಿದ್ರು. ಅವ್ರಿಗೆ ಕೊಟ್ಟು ಬಂದೆ. ಶೆಡ್ಡಿನಾಗೆ ಮಣ್ಣಾಗೋದಕ್ಕಿಂತ ವಾಸಿ ಅಲ್ವೇನಪ್ಪ?"

ಅಂದರೆ ಶೆಡ್ಡಿಗೆ ನನ್ನನ್ನು ಕರೆದ ಮೊದಲ ದಿನವೇ ಅವನಿಗೆ ಎಲ್ಲ ಗೊತ್ತಿತ್ತು. ತಾತನಿಗೆ ಲಕ್ವ ಹೊಡೆದ ಮೇಲೆ ಕಾರಿನ ಕಾಗದಗಳು ಮಾಮನ ಹೆಸರಿಗೇ ಆಗಿದ್ದವಂತೆ. ಇಲ್ಲದಿದ್ದದ್ದು ಕೀ ಮಾತ್ರ.

ತಾತ ಮಗನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ನಿಂಗೆ ಗೊತ್ತಿತ್ತೇನವ್ವ?" ಎಂದ.

"ಇಲ್ಲ ತಾತ, ದೇವರಾಣೆ ಗೊತ್ತಿರ್ಲಿಲ್ಲ" ಎಂದು ಅತ್ತೆ. ತಾತ ನನ್ನ ತಲೆ ಸವರಿದ. ನಂಬಿದನೋ ಇಲ್ಲವೋ ಹೇಳಲಿಲ್ಲ. ನಾನು ಬುತ್ತಿಯನ್ನು ಹಾಗೇ ಒಳಗೆ ಒಯ್ದಿಟ್ಟೆ. ಮರುದಿನವೇ ಅವ್ವನ ಹತ್ತಿರ ಹೋಗುತ್ತೇನೆಂದು ಹಟ ಹಿಡಿದೆ.

ಮಾಮ ಈಗಲೂ ಮದುವೆ ಮನೆಗಳಲ್ಲಿ ಸಿಕ್ಕರೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ ಸುಮಿ ಆರನೇ ಕ್ಲಾಸಿಗೇ ಮೋಟ್ರು ಬಿಚ್ಚಿ ಕೂರಿಸಿದೋಳು ಕಣ್ರಿ" ಎಂದು ಹತ್ತು ಜನಕ್ಕೆ ಕೇಳುವಂತೆ ಹೊಗಳುತ್ತಾನೆ. ನಾನು ನಗುತ್ತೇನೆ. ಆ ಬೇಸಿಗೆಯಲ್ಲಿ ನಾನು ಅವನನ್ನು ಎಷ್ಟು ಹಚ್ಚಿಕೊಂಡಿದ್ದೆನೆಂದು ಅವನಿಗೆ ತಿಳಿದಿಲ್ಲ. ಹಾಗೆ ಮತ್ತೆ ಯಾರನ್ನೂ ಹಚ್ಚಿಕೊಳ್ಳಲು ನನ್ನಿಂದ ಆಗಲಿಲ್ಲ.

ತಾತ ಆಮೇಲೂ ಕೆಲವು ವರ್ಷ ಬದುಕಿದ್ದ. ರಜೆಗೆ ಹೋದರೆ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದ, ಮಾವಿನಹಣ್ಣು ಎತ್ತಿಟ್ಟಿರುತ್ತಿದ್ದ. ಪ್ರೀತಿಗೆ ಏನೂ ಕಮ್ಮಿಯಾಗಲಿಲ್ಲ. ಆದರೆ ಸಾಯುವತನಕ ಯಾವ ವಸ್ತುವನ್ನೂ ನನ್ನ ಕೈಗೆ ಕೊಟ್ಟು "ನೋಡ್ಕೋ" ಎಂದು ಅವನು ಮತ್ತೆ ಹೇಳಲಿಲ್ಲ.