ತಬ್ಬಿಕೊಳ್ಳಲು ಒಂದು ಮರ

ಕೂಡ್ಲಿಗಿ ದಾಟುತ್ತಲೇ ನಮ್ಮ ಬಸ್ಸು ಪಂಕ್ಚರ್ ಆಯಿತು. ರಸ್ತೆ ಪಕ್ಕದ ಕುರುಚಲು ಕಾಡಿನಲ್ಲಿ ಮೇಡಂ ಒಬ್ಬರು ಶಾಲೆಯ ಮಕ್ಕಳಿಗೆ ಆಟ ಆಡಿಸುತ್ತಿದ್ದರು. ಕಣ್ಣು ಕಟ್ಟಿಕೊಂಡು ಒಂದು ಮರವನ್ನು ತಬ್ಬಿ ಗುರುತಿಟ್ಟುಕೊಳ್ಳಬೇಕು. ಆಮೇಲೆ ಗೆಳೆಯರು ಮರದಿಂದ ಮರಕ್ಕೆ ಕರೆದೊಯ್ಯುವಾಗ ತನ್ನದು ಯಾವುದೆಂದು ಹೇಳಬೇಕು. ಗೆದ್ದವರಿಗೆ ಶಾಲೆಯ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು.

ಆದರೆ ಅಲ್ಲಿದ್ದದ್ದೆಲ್ಲ ಜಾಲಿ. ಮುಳ್ಳಿಲ್ಲದ್ದು ಒಂದೇ ಬೇವು. ಮಕ್ಕಳೆಲ್ಲ ಅದಕ್ಕೇ ಮುತ್ತಿಕೊಂಡಿದ್ದರು.

“ಎಲ್ಲಾರ್ದೂ ಒಂದ ಮರ ಆದ್ರ ಆಟ ಹೆಂಗ ಆಡೂದು?” ಎಂದರು ಮೇಡಂ.

“ನೀವ ಒಂದು ಜಾಲಿ ತಬ್ಬಿ ತೋರಸ್ರಿ ಮೇಡಂ,” ಎಂದ ಒಬ್ಬ.

ಮೇಡಂ ತಮ್ಮ ಸೀರೆ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಮುಂದಿನ ಸೀಟಿನ ಆಸೆಗೆ ಶಬಾನಾ ಎಂಬ ಹುಡುಗಿ ಜಾಲಿಯನ್ನೇ ಆರಿಸಿಕೊಂಡಳು. ತಬ್ಬಲು ಹೋಗಿ ಬೆರಳಿಗೆ ಚುಚ್ಚಿಸಿಕೊಂಡಳು. ಆಮೇಲೆ ಗೆಳತಿ ಕರೆದೊಯ್ದ ಕಡೆಯೆಲ್ಲ ಮೆಲ್ಲಗೆ ಮುಟ್ಟಿ, “ಇದಲ್ಲ, ಇದೂ ಅಲ್ಲ,” ಎನ್ನುತ್ತಾ ಬಂದವಳು, ಒಂದು ಕಡೆ ಥಟ್ಟನೆ ಕೈ ಹಿಂದೆಳೆದುಕೊಂಡಳು.

“ಇದ ನಂದು.”

ಅದೇ ಆಗಿತ್ತು.

“ಹೆಂಗ ಗೊತ್ತಾತ ನಿನಗ?” ಮೇಡಂ ಕೇಳಿದರು.

“ಆಗ ಚುಚ್ಚಿದ ಜಾಗಕ್ಕ ಮತ್ತ ಚುಚ್ಚೈತ್ರಿ ಮೇಡಂ.”

ನಮ್ಮ ಬಸ್ಸು ಹೊರಟಾಗ ಆಟ ಇನ್ನೂ ಮುಗಿದಿರಲಿಲ್ಲ. ಶಬಾನಾ ಮಾತ್ರ ಬೆರಳನ್ನು ಬಾಯಲ್ಲಿಟ್ಟುಕೊಂಡು, ಖಾಲಿ ವ್ಯಾನಿನ ಮುಂದಿನ ಸೀಟಿನಲ್ಲಿ ಆಗಲೇ ಹೋಗಿ ಕುಳಿತಿದ್ದಳು.